ಏಳನೇ ಭಾಗ ಓದಿದ ಮೇಷ್ಟ್ರು

ಭೂಗೋಳದ ಮೇಷ್ಟ್ರನ್ನು ಏನು ಕೇಳಿದರೂ ಉತ್ತರ ಸಿಗುತ್ತಿತ್ತು. ಸರಿಯಾದ ಉತ್ತರವೇ ಸಿಗಬೇಕು ಎಂದು ಹಟ ಹಿಡಿಯಬಾರದು, ಅಷ್ಟೆ. ರಸ್ತೆಯಲ್ಲಿ ಯಾರಾದರೂ ನಿಲ್ಲಿಸಿ ಆಸ್ಪತ್ರೆಗೆ ದಾರಿ ಕೇಳಿದರೆ, ಅಂಥದೊಂದು ಆಸ್ಪತ್ರೆ ಇರುವ ಸಂಗತಿಯನ್ನೇ ಅವರು ಆಗ ಮೊದಲ ಬಾರಿಗೆ ಕೇಳುತ್ತಿದ್ದರೂ, “ನೆಟ್ಟಗೆ ಹೋಗಿ, ಎಡಕ್ಕೆ ತಿರುಗಿ” ಎಂದು ಕೈ ಚಾಚಿಬಿಡುವರು. ಹಾಗೆ ನೆಟ್ಟಗೆ ಹೋಗಿ ಎಡಕ್ಕೆ ತಿರುಗಿದ ಹೊಟ್ಟೆನೋವಿನವರು ಎಷ್ಟೋ ಮಂದಿ ಟೈರ್ ಅಂಗಡಿಯ ಮುಂದೆ ಹೊಟ್ಟೆ ಹಿಡಿದುಕೊಂಡು ನಿಂತಿದ್ದಾರೆ. ಪಾಪ, ಅಂಗಡಿಯವನು ಈಗೀಗ ಅವರಿಗೆಂದೇ ಒಂದು ಬೆಂಚು ಹಾಕಿಸಿದ್ದಾನೆ. ಇಷ್ಟಕ್ಕೇ ಮೇಷ್ಟ್ರನ್ನು ಕೆಟ್ಟವರು ಅನ್ನಬೇಡಿ. ಕೇಳಿದವರನ್ನು ಬರಿಗೈಲಿ ಕಳಿಸಬಾರದು ಎಂಬ ದೊಡ್ಡ ಮನಸ್ಸು ಅವರದು.

ಅಂಥ ಮೇಷ್ಟ್ರು ಒಂದು ಸೋಮವಾರ ಬೆಳಿಗ್ಗೆ ಶಿಕ್ಷಕರ ಕೊಠಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಹೆಡ್ ಮೇಡಂ ಬಿರುಗಾಳಿಯಂತೆ ಒಳಗೆ ಬಂದರು.

“ನೋಡ್ರೀ, ಶುಕ್ರವಾರ ಶಿಕ್ಷಣ ಇಲಾಖೆಯ ಸಾಹೇಬ್ರು ತಪಾಸಣೆಗೆ ಬರ್ತಿದ್ದಾರೆ. ಅವರಿಗೆ ಮಕ್ಕಳ ಕಥೆ ಪುಸ್ತಕ ಅಂದ್ರೆ ಪ್ರಾಣವಂತೆ. ಅದರಲ್ಲೂ ಆ ‘ಕೊಡೆಗಳ ಸಾಮ್ರಾಜ್ಯ’ ಅಂತ ಒಂದು ಸರಣಿ ಇದೆಯಲ್ಲ, ಮಕ್ಕಳು ಊಟ ನಿದ್ದೆ ಬಿಟ್ಟು ಓದ್ತಾವಲ್ಲ, ಅದು. ಐದನೇ ತರಗತಿಗೆ ಅದನ್ನಿಟ್ಟುಕೊಂಡು ವಾರ ಪೂರ್ತಿ ಚಟುವಟಿಕೆ ಮಾಡಿಸಬೇಕು. ನಿಮ್ಮಲ್ಲಿ ಯಾರು ಓದಿದ್ದೀರಿ?”

ವಿಜ್ಞಾನದ ಮೇಡಂ ಬಟ್ಟಲಿನೊಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿ ನೋಡಿದರು. ಡ್ರಿಲ್ ಮೇಷ್ಟ್ರು ಕಟ್ಟಿದ್ದ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದರು. ಪ್ರಶ್ನೆಯೊಂದು ಹೀಗೆ ಅನಾಥವಾಗಿ ನಿಂತಿರುವುದನ್ನು ಭೂಗೋಳದ ಮೇಷ್ಟ್ರಿಂದ ಸಹಿಸಲಾಗಲಿಲ್ಲ. ಗ್ರಂಥಾಲಯದ ಬಾಗಿಲಿಗೆ ಅಂಟಿಸಿದ್ದ ಬಣ್ಣದ ಚಿತ್ರವೊಂದು ನೆನಪಾಯಿತು. ಅದರಲ್ಲಿ ಹಾರುವ ಕೊಡೆಯ ಕೆಳಗೆ ‘ಏಳು ಭಾಗಗಳ ಮಹಾಸಾಹಸ’ ಎಂದು ಬರೆದಿತ್ತು.

“ನಾನು ಓದಿದ್ದೀನಿ ಮೇಡಂ. ಏಳು ಭಾಗಾನೂ.”

“ಏಳೂ?”

“ಏಳೂ. ಕೊನೇದನ್ನ ಎರಡು ಸಲ.”

ತಮ್ಮ ಕೈಕೆಳಗಿನವರು ತಮಗಿಂತ ಹೆಚ್ಚು ಓದಿದರೆ ಹೆಡ್ ಮೇಡಂಗೆ ಮೈ ಉರಿಯುತ್ತಿತ್ತು. “ನಾನೂ ಓದಿದ್ದೀನಿ ಬಿಡಿ, ಯಾವಾಗಲೋ,” ಎಂದು ಅವರು ಆ ಸರಣಿಯ ಚಟುವಟಿಕೆಗಳ ಕೈಪಿಡಿಯೊಂದನ್ನು ಮೇಷ್ಟ್ರ ಮುಂದೆ ಎಸೆದರು. “ಹಾಗಾದ್ರೆ ಇದು ನಿಮ್ಮದೇ ಕೆಲಸ. ಚೆನ್ನಾಗಿ ಮಾಡಿ. ನಿಮ್ಮನ್ನ ಖಾಯಂ ಮಾಡೋದು ಬಿಡೋದು ಆ ಸಾಹೇಬ್ರ ಕೈಲೇ ಇರೋದು, ಗೊತ್ತಲ್ಲ?”

ಅದೊಂದು ಮೇಷ್ಟ್ರಿಗೆ ನಿಜವಾಗಿಯೂ ಗೊತ್ತಿತ್ತು. ಹಂಗಾಮಿ ಮೇಷ್ಟ್ರಾಗಿ ಅವರ ತಲೆಗೂದಲು ಅರ್ಧ ಉದುರಿತ್ತು. ಪ್ರತಿ ವರ್ಷದ ಕೊನೆಗೆ ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂರಬೇಕಾಗಿತ್ತು. ಅತ್ತೆಯವರಂತೂ ಕಾಯಲಾರದೆ, ಅಳಿಯಂದಿರು ಖಾಯಂ ಆದರು ಎಂದು ಎರಡು ವರ್ಷದ ಹಿಂದೆಯೇ ಬೀದಿಗೆಲ್ಲ ಸಾರಿಬಿಟ್ಟಿದ್ದರು. ಬೀದಿಯಲ್ಲಿ ಖಾಯಂ ಆಗಿದ್ದಾಯಿತು, ಶಾಲೆಯಲ್ಲಿ ಆಗುವುದೊಂದು ಬಾಕಿ. ಈ ಸಲ ಆಗದಿದ್ದರೆ ಶಾಲೆಯ ಬಾಗಿಲು ಮುಚ್ಚಿದಂತೆಯೇ ಎಂದು ಹೆಡ್ ಮೇಡಂ ಮೊದಲೇ ಹೇಳಿದ್ದರು.

ಮೇಷ್ಟ್ರು ಗ್ರಂಥಾಲಯಕ್ಕೆ ಹೋಗಿ ಪುಸ್ತಕಗಳನ್ನು ನೋಡಿದರು. ಒಂದೊಂದೂ ತಲೆದಿಂಬಿನಷ್ಟು ದಪ್ಪ. ಕೈಪಿಡಿಯೋ, ಬೀಸಣಿಗೆಯಷ್ಟು ತೆಳು. ಯಾವುದನ್ನು ಮನೆಗೆ ಒಯ್ದರು ಎಂದು ಬೇರೆ ಹೇಳಬೇಕಾಗಿಲ್ಲ.

ಮೊದಲನೇ ಚಟುವಟಿಕೆ, ಸಾಮ್ರಾಜ್ಯದ ನಕ್ಷೆ ಬರೆಸುವುದು. ಇದು ತಮ್ಮದೇ ಮನೆಯಂಗಳ ಎಂದು ಮೇಷ್ಟ್ರು ಹಿಗ್ಗಿದರು. “ಮಕ್ಕಳೇ, ರಾಜಧಾನಿಯ ವಾರ್ಷಿಕ ಮಳೆ ಎಷ್ಟು?” ಎಂದು ಕೇಳಿದರು.

“ಸಾರ್, ಅಲ್ಲಿ ಮಳೆ ಕೆಳಗಿಂದ ಮೇಲಕ್ಕೆ ಹೋಗತ್ತೆ!”

“ಗೊತ್ತು ಕಣಯ್ಯ, ಅದಕ್ಕೇ ಕೇಳಿದ್ದು. ಮೇಲೆ ಎಷ್ಟು ಬೀಳತ್ತೆ?”

ಎರಡನೇ ದಿನ ಎಲ್ಲರೂ ಕೊಡೆ ತಂದು ತರಗತಿಯೊಳಗೆ ಒಮ್ಮೆಲೇ ಬಿಚ್ಚಿದರು. ಗದ್ದಲ ಏನೆಂದು ನೋಡಲು ಬಂದ ಡ್ರಿಲ್ ಮೇಷ್ಟ್ರ ಕನ್ನಡಕ ಒಂದು ಕೊಡೆಯ ಕಡ್ಡಿಗೆ ಸಿಕ್ಕಿ ಮೂರು ಬೆಂಚು ದೂರ ಪ್ರಯಾಣ ಮಾಡಿತು. ಅದನ್ನು ಬಿಟ್ಟರೆ ಎಲ್ಲವೂ ಸುಸೂತ್ರ. ಅದೇ ತರಗತಿಯಲ್ಲಿ ಓದುತ್ತಿದ್ದ ಮೇಷ್ಟ್ರ ಮಗಳು ಮುಂದಿನ ಬೆಂಚಿನಲ್ಲಿ ಕೂತು, ಅಪ್ಪನನ್ನು ಈಗಷ್ಟೇ ಹೊಸದಾಗಿ ಕೊಂಡು ತಂದವಳ ಹಾಗೆ ನೋಡುತ್ತಿದ್ದಳು.

ಬುಧವಾರ ಬಂದದ್ದು ಮೂರನೇ ಚಟುವಟಿಕೆ: ಹೆಸರು ಬಚ್ಚಿಡುವ ಆಟ. ಕಥೆಯಲ್ಲಿ ಹೆಸರುಗಳ್ಳ ಎಂಬ ಖಳ ಇದ್ದಾನೆ. ಅವನು ಯಾರ ದನಿಯಲ್ಲಿ ಬೇಕಾದರೂ ಬಂದು ಹೆಸರು ಹಿಡಿದು ಕರೆಯುತ್ತಾನೆ. ಓಗೊಟ್ಟರೋ, ಹೆಸರೂ ಹೋಯಿತು, ಆಸಾಮಿಯೂ ಕಲ್ಲಾದ. ಅದಕ್ಕೇ ಕೊಡೆಯವರೆಲ್ಲ ನಿಜವಾದ ಹೆಸರು ಬಚ್ಚಿಟ್ಟು ಗುಟ್ಟಿನ ಹೆಸರು ಇಟ್ಟುಕೊಳ್ಳುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಮೇಷ್ಟ್ರ ಕಿವಿಯಲ್ಲಿ ತಂತಮ್ಮ ಗುಟ್ಟಿನ ಹೆಸರು ಉಸುರಿದರು. ಜಗತ್ತಿನ ರಾಜಧಾನಿಗಳನ್ನೆಲ್ಲ ಬಾಯಿಪಾಠ ಮಾಡಿದ್ದ ಮೇಷ್ಟ್ರಿಗೆ ಅವನ್ನು ನೆನಪಿಡುವುದು ಕಷ್ಟವಾಗಲಿಲ್ಲ. ತಮ್ಮ ಗುಟ್ಟನ್ನು ಮೇಷ್ಟ್ರಿಗಲ್ಲದೆ ಹೆತ್ತ ತಾಯಿಗೂ ಹೇಳುವುದಿಲ್ಲ, ಹಳೆಯ ಹೆಸರಿಗೆ ಓಗೊಡುವುದಿಲ್ಲ ಎಂದು ಇಡೀ ತರಗತಿ ಎದೆ ಮುಟ್ಟಿ ಪ್ರತಿಜ್ಞೆ ಮಾಡಿತು.

ಪಾಠದ ಕೊನೆಗೆ ಬಿಡುಗಡೆಯ ಮಾತು ಹೇಳಿ ಹೆಸರುಗಳನ್ನು ವಾಪಸು ಕೊಡಬೇಕು ಎಂದು ಕೈಪಿಡಿಯಲ್ಲಿತ್ತು. ಆ ಮಾತು ಯಾವುದು ಎಂದು ಮಾತ್ರ ಇರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು.

“ಸಾರ್, ಬಿಡುಗಡೆ ಮಾತು?” ಎಂದ ಮುಂದಿನ ಹಲ್ಲಿಲ್ಲದ ಹುಡುಗನೊಬ್ಬ. “ಅದು ಏಳನೇ ಭಾಗದಲ್ಲಿ ಬರತ್ತಂತೆ. ನೀವು ನಿಜವಾಗ್ಲೂ ಏಳನೇದು ಓದಿದ್ದೀರಾ?”

“ಓದದೆ ಏನು? ಎರಡು ಸಲ ಓದಿದ್ದೀನಿ.”

ತರಗತಿಯೆಲ್ಲ ಒಟ್ಟಿಗೆ ಉಸಿರು ಒಳಗೆಳೆದುಕೊಂಡಿತು. “ನಿಮಗೆ ಹೇಗೆ ಸಿಕ್ತು ಸಾರ್?” ಎಂದು ಯಾರೋ ಪಿಸುಗುಟ್ಟಿದರು.

“ಸಿಗೋ ಕಡೆ ಸಿಗತ್ತೆ. ಬಿಡುಗಡೆ ಮಾತು ನಾಳೆ ಹೇಳ್ತೀನಿ. ಈಗ ಮನೆಗೆ ಹೊರಡಿ.”

ಮಕ್ಕಳು ಅವರನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತ ಹೊರಟವು. ಇಷ್ಟು ಗೌರವ ಮೇಷ್ಟ್ರಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ.

ಆವತ್ತು ಸಂಜೆ ಹೆಂಡತಿ ಮಗಳನ್ನು ಅಡುಗೆಮನೆಯಿಂದ ಕೂಗಿದಳು. ಉತ್ತರವಿಲ್ಲ. ಅತ್ತೆ ಕೂಗಿದರು. ಗಂಟಲು ಹರಿದುಕೊಂಡು ಕೂಗಿದರು. ಹುಡುಗಿ ಕಿಟಕಿಯ ಬಳಿ ಕಲ್ಲುಗುಂಡಿನ ಹಾಗೆ ಕೂತೇ ಇದ್ದಳು. ಆದರೆ ತಟ್ಟೆಯ ಸದ್ದಾದದ್ದೇ ತಡ, ಓಡಿ ಬಂದು ಕೂತಳು.

“ರೀ, ಮಗಳ ಕಿವಿಗೆ ಏನೋ ಆಗಿದೆ ಕಣ್ರೀ,” ಎಂದಳು ಹೆಂಡತಿ. ನಿಜ ಹೇಳೋಣವೆಂದರೆ, ಬಿಡುಗಡೆಯ ಮಾತು ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಪುಸ್ತಕ ಓದಿಲ್ಲವೆಂಬುದು ಮಗಳೆದುರಿಗೇ ಬಯಲಾಗುತ್ತದೆ. ನಾಳೆ ಬೆಳಗಾದರೆ ಅದು ಶಾಲೆಗೆ, ನಾಳಿದ್ದು ಸಾಹೇಬರಿಗೆ. ಮೇಷ್ಟ್ರು, “ಹವೆ ಬದಲಾಗಿದೆ, ಇರತ್ತೆ,” ಎಂದು ಕೈ ತೊಳೆದುಕೊಂಡು ಎದ್ದರು.

ಗುರುವಾರ ಬೆಳಿಗ್ಗೆ ಹೆಂಡತಿ ಬಿಡಲಿಲ್ಲ. ಮೂವರೂ ಕಿವಿ ಡಾಕ್ಟರ ಹತ್ತಿರ ಹೋದರೆ, ಅಲ್ಲಿ ಕಾಲಿಡಲು ಜಾಗವಿಲ್ಲ. ಐದನೇ ತರಗತಿಯ ಮಕ್ಕಳೆಲ್ಲ ತಂತಮ್ಮ ಅಪ್ಪ ಅಮ್ಮಂದಿರ ಮಗ್ಗುಲಲ್ಲಿ ಗಂಭೀರವಾಗಿ ಕೂತಿದ್ದರು. ನರ್ಸ್ ಬಂದು ಒಂದು ಹೆಸರು ಕೂಗಿದಳು. ಒಬ್ಬರೂ ಏಳಲಿಲ್ಲ. ಇನ್ನೊಂದು ಕೂಗಿದಳು. ಊಹೂಂ. ಡಾಕ್ಟರು ಸದ್ದು ಕೇಳಿ ಹೊರಗೆ ಬಂದವರೇ ಗೋಡೆ ಹಿಡಿದುಕೊಂಡರು. “ಅಯ್ಯೋ ದೇವರೇ! ಒಬ್ಬರಿಗೂ ಕೇಳಿಸ್ತಿಲ್ವಲ್ಲ!”

“ತಟ್ಟೆ ಸದ್ದು ಕೇಳಿಸತ್ತೆ ಡಾಕ್ಟ್ರೇ, ಹೆಸರು ಕೇಳಿಸಲ್ಲ,” ಎಂದಳು ಒಬ್ಬ ತಾಯಿ.

“ನಮ್ಮವನಿಗೆ ಐಸ್‌ಕ್ರೀಮ್ ಗಾಡಿ ಎರಡು ಬೀದಿ ಆಚೆ ಇದ್ದಾಗಲೇ ಕೇಳಿಸತ್ತೆ. ‘ಪುಸ್ತಕ ತಗೋ’ ಅನ್ನೋದು ಮಾತ್ರ ಕೇಳಿಸಲ್ಲ,” ಎಂದ ಒಬ್ಬ ತಂದೆ. ಆ ಹುಡುಗನ ವಿಷಯದಲ್ಲಿ ಇದು ಹೊಸ ಕಾಯಿಲೆಯಾಗಿರಲಿಲ್ಲ, ಆದರೂ ಡಾಕ್ಟರು ಗಾಬರಿಯಿಂದ ತಲೆಯಾಡಿಸಿದರು.

ಆ ಗುಂಪಿನಲ್ಲೇ ಪುರಸಭೆಯ ಆರೋಗ್ಯಾಧಿಕಾರಿಯೂ ಇದ್ದರು. ಅವರ ಮಗನೂ ಐದನೇ ತರಗತಿ. ಅವರು ಮೇಷ್ಟ್ರನ್ನು ಕಂಡವರೇ ಭುಜ ಹಿಡಿದು ಅಲ್ಲಾಡಿಸಿದರು. “ಮೇಷ್ಟ್ರೇ, ನೀವು ಗಾಳಿ ಮಳೆ ಪಾಠ ಮಾಡೋರು. ಊರ ಮಕ್ಕಳಿಗೆಲ್ಲ ಒಟ್ಟಿಗೆ ಹೀಗಾಗಿದೆಯಲ್ಲ, ಯಾಕಿರಬಹುದು?”

ಅಲ್ಲಿಗೆ ಎಲ್ಲವನ್ನೂ ಮುಗಿಸಿಬಿಡಬಹುದಾಗಿತ್ತು. ಎಲ್ಲರ ಕಣ್ಣೂ ಮೇಷ್ಟ್ರ ಮೇಲೆ ನೆಟ್ಟಿತ್ತು. ಅವರ ಬಾಯಿ ಅವರನ್ನು ಕೇಳದೆ ತೆರೆದುಕೊಂಡಿತು. “ತೇವಾಂಶ,” ಎಂದಿತು ಅದು. “ಗಾಳಿಯಲ್ಲಿ ತೇವಾಂಶ ಜಾಸ್ತಿಯಾಗಿದೆ. ಎಳೆಯ ಕಿವಿಗಳು ಅದನ್ನ ತಡೆಯಲ್ಲ.”

ಮಧ್ಯಾಹ್ನದ ಹೊತ್ತಿಗೆ ಪುರಸಭೆಯ ಗಾಡಿ ಬೀದಿ ಬೀದಿಯಲ್ಲಿ ಧ್ವನಿವರ್ಧಕ ಹಾಕಿಕೊಂಡು ತಿರುಗಿತು: “ಗಾಳಿಯ ತೇವಾಂಶದಿಂದ ಮಕ್ಕಳಿಗೆ ಕಿವುಡು ಬರುತ್ತಿದೆ. ಎಲ್ಲ ಮಕ್ಕಳ ಕಿವಿಗೂ ಹತ್ತಿ ಇಡತಕ್ಕದ್ದು!” ಅಂಗಡಿಗಳಲ್ಲಿ ಹತ್ತಿ ಖಾಲಿಯಾಯಿತು. ಹಾಸಿಗೆ ಹೊಲಿಯುವವನು ಹಳೆಯ ಗಾದಿ ಬಿಚ್ಚಿ ಮಾರಿದ. ಅಲ್ಲಿಯವರೆಗೆ ಕೇಳಿಸಿಕೊಂಡೂ ಸುಮ್ಮನಿದ್ದ ಮಕ್ಕಳಿಗೆ ಈಗ ನಿಜವಾಗಿಯೂ ಕೇಳಿಸದಾಯಿತು.

ಮೇಷ್ಟ್ರು ತರಗತಿಗೆ ಓಡಿದರು. “ಹತ್ತಿ ತೆಗೀರಿ!” ಎಂದು ಕೈಸನ್ನೆ ಮಾಡಿ ತೆಗೆಸಿ, “ನಿಮ್ಮೆಲ್ಲರಿಗೂ ಬಿಡುಗಡೆ!” ಎಂದು ಕಿರುಚಿದರು.

“ಅದು ಎರಡನೇ ಭಾಗದಲ್ಲಿ ಸುಳ್ಳು ರಾಜ ಹೇಳೋ ಮಾತು ಸಾರ್!” ಎಂದು ಮಕ್ಕಳು ಕೇಕೆ ಹಾಕಿದವು.

“ಹೋಗಲಿ, ಹೆಸರುಗಳೇ, ಮರಳಿ ಬನ್ನಿ!”

“ಅದು ನಾಲ್ಕನೇ ಭಾಗದ ಮೊಸಳೆ!”

ಮೇಷ್ಟ್ರು ತೋಚಿದ್ದೆಲ್ಲ ಹೇಳಿದರು. ಯಾವ ಮಾತು ಹೇಳಿದರೂ ಅದು ಯಾವುದೋ ಭಾಗದಲ್ಲಿ ಯಾವನೋ ದುಷ್ಟನ ಬಾಯಲ್ಲಿ ಬಂದುಬಿಟ್ಟಿರುತ್ತಿತ್ತು. ಸಾರ್ ತಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ಮಕ್ಕಳು ಹೊಟ್ಟೆ ಹುಣ್ಣಾಗುವಂತೆ ನಕ್ಕವು. ಮೇಷ್ಟ್ರು ಗ್ರಂಥಾಲಯಕ್ಕೆ ಧಾವಿಸಿದರು. ಕಪಾಟಿನಲ್ಲಿ ಆರು ಪುಸ್ತಕ ಇದ್ದವು, ಏಳನೆಯದು ಇರಲಿಲ್ಲ. ಯಾರೋ ಒಯ್ದಿರಬೇಕು. ಓದಿದ್ದೇನೆ ಎಂದವರು ಶಾಲೆಯಲ್ಲಿ ಇನ್ನೊಬ್ಬರೇ.

“ಮೇಡಂ, ಏಳನೇ ಭಾಗ ನಿಮ್ಮ ಹತ್ರ ಇದೆಯಾ?”

ಹೆಡ್ ಮೇಡಂ ಮೇಜಿನ ಖಾನೆ ಎಳೆದು ಮುಚ್ಚಿದರು. “ಇತ್ತು... ಯಾರಿಗೋ ಕೊಟ್ಟೆ.”

“ಅದರಲ್ಲಿ ಬಿಡುಗಡೆಯ ಮಾತು ಏನು ಬರತ್ತೆ ಮೇಡಂ? ನಾಲಿಗೆ ತುದೀಲೇ ಇದೆ.”

“ನನಗೂ ಅಲ್ಲೇ ಇದೆ. ನೀವು ಹೇಳಿ, ಸರಿಯೋ ತಪ್ಪೋ ನಾನು ಹೇಳ್ತೀನಿ.”

ಇಬ್ಬರಿಗೂ ಒಟ್ಟಿಗೇ ತುರ್ತು ಕೆಲಸ ನೆನಪಾಗಿ ಬೇರೆ ಬೇರೆ ದಿಕ್ಕಿಗೆ ನಡೆದರು.

ಮನೆಯಲ್ಲಿ ಮೇಷ್ಟ್ರು ಮಗಳ ಪಕ್ಕ ಕೂತು, ಅವಳ ಕಿವಿಯ ಹತ್ತಿ ತೆಗೆದು, ಬೆಣ್ಣೆಯಂಥ ದನಿಯಲ್ಲಿ ಕೇಳಿದರು: “ಪುಟ್ಟೀ, ಬಿಡುಗಡೆ ಮಾತು ಏನಿರಬಹುದು ಅಂತ ನೀನು ಊಹಿಸು ನೋಡೋಣ?”

“ಹೋಗಪ್ಪಾ! ಅದು ನಿಂಗೊಬ್ಬನಿಗೇ ಗೊತ್ತಿರೋದು,” ಎಂದಳು ಮಗಳು. “ನನ್ನ ಗೆಳತಿಯರೆಲ್ಲ ಎಷ್ಟು ಹೊಟ್ಟೆಕಿಚ್ಚು ಪಡ್ತಾರೆ ಗೊತ್ತಾ?” ಆ ಕಣ್ಣುಗಳ ಹೊಳಪು ನೋಡಿ ಮೇಷ್ಟ್ರಿಗೆ ಮೊದಲ ಬಾರಿಗೆ ಎದೆಯಲ್ಲಿ ಏನೋ ಚುಚ್ಚಿತು.

ಶುಕ್ರವಾರ ಸಾಹೇಬರು ಬಂದರು. ಎತ್ತರದ ಆಳು, ಎತ್ತರದ ದನಿ. ಹೆಡ್ ಮೇಡಂ ಅವರನ್ನು ನೇರ ಐದನೇ ತರಗತಿಗೆ ಕರೆತಂದರು. ಅತ್ತ ಕಿವಿ ಡಾಕ್ಟರಿಗೆ, ರೋಗಿಗಳೆಲ್ಲ ಒಂದೇ ತರಗತಿಯವರು ಎಂದು ಆ ಬೆಳಿಗ್ಗೆಯೇ ಹೊಳೆದಿತ್ತು. ಅವರು ತಂದೆತಾಯಿಯರ ದಂಡು ಕಟ್ಟಿಕೊಂಡು ಹಿಂದೆಯೇ ಬಂದರು. ದಂಡಿನ ಮುಂಚೂಣಿಯಲ್ಲಿ ಅತ್ತೆಯವರಿದ್ದರು. ಕಿಟಕಿಗಳ ತುಂಬ ಮುಖಗಳು.

ಸಾಹೇಬರು ಹಾಜರಿ ಪುಸ್ತಕ ತಾವೇ ತೆಗೆದುಕೊಂಡು ಮೊದಲ ಹೆಸರು ಕರೆದರು. ನಿಶ್ಶಬ್ದ. ಎರಡನೆಯದು. ನಿಶ್ಶಬ್ದ. ಕೊನೆಯವರೆಗೂ ಕರೆದು ಕನ್ನಡಕ ತೆಗೆದರು. “ಎಲ್ಲರೂ ಗೈರುಹಾಜರು! ಹಾಗಾದ್ರೆ ಇಲ್ಲಿ ಕೂತಿರೋರು ಯಾರು?”

“ಸಾರ್, ಇದು... ಹೆಸರು ಬಚ್ಚಿಡುವ ಚಟುವಟಿಕೆ,” ಎಂದು ಮೇಷ್ಟ್ರು ತೊದಲಿದರು. “ಕೊಡೆಗಳ ಸಾಮ್ರಾಜ್ಯದ್ದು.”

ಸಾಹೇಬರ ಮುಖ ಅರಳಿತು. “ಓಹೋ! ಭೇಷ್! ನನಗೆ ಬಹಳ ಇಷ್ಟವಾದ ಪುಸ್ತಕ ಕಣ್ರೀ. ಏಳೂ ಭಾಗ ಅರೆದು ಕುಡಿದಿದ್ದೀನಿ. ಏಳನೇದರ ಕೊನೇಲಿ ಅಂತೂ ಅತ್ತುಬಿಟ್ಟೆ.”

ಮಕ್ಕಳು ಬೆಂಚಿನ ಮೇಲೆ ಎದ್ದು ನಿಂತವು. “ಸಾರ್, ನೀವೂನಾ? ಬಿಡುಗಡೆ ಮಾತು ಹೇಳಿ ಸಾರ್!” ಸಾಹೇಬರು ಹೆಡ್ ಮೇಡಂ ಕಡೆ ನೋಡಿದರು. ಹೆಡ್ ಮೇಡಂ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಕಿಟಕಿಯ ಕಡೆ ನೋಡಿದರೆ ಅಲ್ಲಿ ಅತ್ತೆ ಇದ್ದರು.

“ಏನ್ರೀ ಅದು ಬಿಡುಗಡೆ ಮಾತು? ಯಾರಿಗೂ ಗೊತ್ತಿಲ್ವಾ?” ಎಂದರು ಡಾಕ್ಟರು.

ಮಗಳು ಎದ್ದು ನಿಂತಳು. ಇಷ್ಟು ಜನ ತನ್ನ ಅಪ್ಪನನ್ನು ನೋಡುತ್ತಿರುವಾಗ ಅವಳಿಗೆ ಸುಮ್ಮನಿರಲಾಗಲಿಲ್ಲ. “ನಮ್ಮಪ್ಪನಿಗೆ ಗೊತ್ತು. ಏಳನೇ ಭಾಗ ಇನ್ನೂ ಅಚ್ಚೇ ಆಗಿಲ್ಲ, ಬರೆಯೋರು ಇನ್ನೂ ಬರೀತಾನೇ ಇದ್ದಾರೆ. ಆದ್ರೂ ನಮ್ಮಪ್ಪ ಎರಡು ಸಲ ಓದಿದ್ದಾರೆ!”

ತರಗತಿಯಲ್ಲಿ ಒಂದು ನೊಣ ಹಾರಿದ್ದು ಎಲ್ಲರಿಗೂ, ಕಿವಿಯಲ್ಲಿ ಹತ್ತಿ ಇದ್ದವರಿಗೂ ಕೇಳಿಸಿತು. ಹೆಡ್ ಮೇಡಂ ನಿಂತಲ್ಲೇ ಗಿಡ್ಡವಾದರು. ಏಳನ್ನೂ ಅರೆದು ಕುಡಿದು ಅತ್ತಿದ್ದ ಸಾಹೇಬರಿಗೆ ಕೆಮ್ಮು ಹತ್ತಿತು. ಕೆಮ್ಮುತ್ತಲೇ ಮೇಷ್ಟ್ರ ಹತ್ತಿರ ಸರಿದು, ಕೈವಸ್ತ್ರದ ಮರೆಯಿಂದ ಪಿಸುಗುಟ್ಟಿದರು: “ಏನಾದ್ರೂ ಒಂದು ಹೇಳ್ರೀ! ನಾನೂ ಹೂಂ ಅಂತೀನಿ. ಮರ್ಯಾದೆ ಉಳಿಸಿ, ಇವತ್ತೇ ಖಾಯಂ ಮಾಡ್ತೀನಿ.”

ಮೇಷ್ಟ್ರ ಬಾಯಿ ಎಂದಿನಂತೆ ತೆರೆದುಕೊಂಡಿತು. ಉತ್ತರಗಳು ಸಾಲುಗಟ್ಟಿ ನಿಂತಿದ್ದವು. ಬರೆದವರು ನನ್ನ ಬಾಲ್ಯದ ಗೆಳೆಯರು ಎನ್ನಬಹುದು, ಕೊನೆಗೆ ಹೆಸರುಗಳ್ಳ ಕೊಡೆಯೊಳಗೆ ಸಿಕ್ಕಿ ಸತ್ತ ಎನ್ನಬಹುದು. ಅಷ್ಟರಲ್ಲಿ ಮಕ್ಕಳು ಪೆನ್ಸಿಲ್ ಹಿಡಿದು ಸಿದ್ಧವಾಗಿ ಕೂತದ್ದು ಕಂಡಿತು. ಎಷ್ಟೋ ದಿನದಿಂದ ಆ ಒಂದು ಕೊನೆಗಾಗಿ ಕಾದಿದ್ದ ಮಕ್ಕಳು, ಇವರು ಏನು ಹೇಳಿದರೂ ಹಾಗೇ ಬರೆದುಕೊಂಡು ಎದೆಗವಚಿಕೊಳ್ಳುವವರಿದ್ದರು. ಮಗಳು ಎಲ್ಲರಿಗಿಂತ ಮೊದಲು ಪುಟ ತಿರುವಿದ್ದಳು.

“ನನಗೆ ಗೊತ್ತಿಲ್ಲ ಮಕ್ಕಳೇ,” ಎಂದರು ಮೇಷ್ಟ್ರು. “ನಾನು ಏಳನೇದು ಓದಿಲ್ಲ. ಒಂದನೇದೂ ಓದಿಲ್ಲ. ತೇವಾಂಶವೂ ಸುಳ್ಳು.”

ಕಿಟಕಿಗಳು ಕೂಗತೊಡಗಿದವು. “ಹತ್ತಿಗೆ ಕೊಟ್ಟ ದುಡ್ಡು ಯಾರು ಕೊಡ್ತಾರೆ?” ಎಂದ ಒಬ್ಬ. ಆರೋಗ್ಯಾಧಿಕಾರಿಯಂತೂ ಕಿಟಕಿಯ ಸರಳು ಕೀಳಲು ನೋಡಿದರು. ಹೆಡ್ ಮೇಡಂಗೆ ಹೋದ ಜೀವ ಬಂದಂತಾಯಿತು. “ಮೋಸಗಾರ! ಇವತ್ತೇ ಕೆಲಸದಿಂದ ತೆಗೀತೀನಿ!”

“ತೆಗೀರಿ,” ಎಂದರು ಸಾಹೇಬರು. ಆಮೇಲೆ ತೆರೆದೇ ಇದ್ದ ಹಾಜರಿ ಪುಸ್ತಕ ನೋಡಿ ನಿಂತುಬಿಟ್ಟರು. ತಾವು ತಪಾಸಣೆಗೆ ಬಂದ ದಿನ ತರಗತಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ ಎಂದು ಮೇಲಿನವರಿಗೆ ಬರೆಯುವುದು ಹೇಗೆ? “ತಡೀರಿ. ಈ ಮಕ್ಕಳು ಗುಟ್ಟಿನ ಹೆಸರಿಗೆ ಮಾತ್ರ ಓಗೊಡೋದು ತಾನೆ? ಆ ಹೆಸರು ಗೊತ್ತಿರೋರು ಯಾರು?”

“ಸಾರ್ ಒಬ್ಬರಿಗೇ!” ಎಂದಿತು ತರಗತಿ.

“ನಿಮ್ಮ ಸಾರ್ ಹೋದರೆ?”

“ಪ್ರತಿಜ್ಞೆ ಮಾಡಿದ್ದೀವಿ. ಯಾರಿಗೂ ಹೇಳಲ್ಲ. ಬೇರೆ ಯಾರು ಕರೆದ್ರೂ ಓಗೊಡಲ್ಲ. ಏಳನೇ ಭಾಗ ಬರೋ ತನಕ.”

ಸಾಹೇಬರು ಹೆಡ್ ಮೇಡಂ ಕಡೆ ತಿರುಗಿದರು. “ಇವರನ್ನ ತೆಗೆದ್ರೆ ನಾಳೆ ಹಾಜರಿ ಹೇಗೆ ತಗೋತೀರಿ?” ಹೆಡ್ ಮೇಡಂ ಹಾಜರಿ ಪುಸ್ತಕವನ್ನು ತಿರುವಿ ನೋಡಿ ಮತ್ತೆ ಮೇಜಿನ ಮೇಲಿಟ್ಟರು. “ಹಾಗಾದ್ರೆ ಏಳನೇ ಭಾಗ ಬರೋವರೆಗೆ ಇವರು ಖಾಯಂ,” ಎಂದು ಸಾಹೇಬರು ತೀರ್ಪು ಕೊಟ್ಟರು.

“ಆಮೇಲೆ ಎಂಟನೇದೂ ಇದೆಯಂತೆ ಸಾರ್,” ಎಂದ ಹಲ್ಲಿಲ್ಲದ ಹುಡುಗ.

“ಕರೀರಿ ಮೇಷ್ಟ್ರೇ ಹಾಜರಿ, ನನಗೆ ತಲೆ ನೋಯ್ತಿದೆ,” ಎಂದು ಸಾಹೇಬರು ಹಿಂದಿನ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ಮುಟ್ಟುವಂತೆ ಮುದುಡಿ ಕೂತರು.

ಮೇಷ್ಟ್ರು ಪುಸ್ತಕ ಹಿಡಿದರು. ಗುಟ್ಟಿನ ಹೆಸರುಗಳನ್ನು ಎಲ್ಲರೆದುರು ಕೂಗಬಹುದೇ ಎಂದು ಮಕ್ಕಳನ್ನು ಕಣ್ಣಲ್ಲೇ ಕೇಳಿದರು. ಮಕ್ಕಳು ತಲೆಯಾಡಿಸಿದವು.

“ತೂತು ಕೊಡೆ?”

“ಹಾಜರ್ ಸಾರ್!”

“ಗುಡುಗಜ್ಜಿ?”

“ಹಾಜರ್ ಸಾರ್!”

“ಮೂರನೇ ಮೂಗು?”

“ಹಾಜರ್!” ಎಂದು ಆರೋಗ್ಯಾಧಿಕಾರಿಯ ಮಗ ನೆಗೆದ. ಕಿಟಕಿಯಲ್ಲಿ ಅವನ ಅಪ್ಪ ತನ್ನ ಮೂಗು ಮುಟ್ಟಿ ನೋಡಿಕೊಂಡರು. ಹೆತ್ತವರೆಲ್ಲ ಕೋಪ ಮರೆತು, ತಮ್ಮ ಮಗು ಯಾವ ಹೆಸರಿಗೆ ಏಳುತ್ತದೋ ಎಂದು ಕತ್ತು ಚಾಚಿದರು. ಪ್ರತಿ ಹೆಸರಿಗೂ ನಗೆಯ ಅಲೆ ಎದ್ದಿತು. ಅತ್ತೆಯವರು ಕಿಟಕಿಯ ಆಚೆಯಿಂದ ಪಕ್ಕದವರಿಗೆ, “ನಮ್ಮ ಅಳಿಯಂದಿರಿಗೆ ನೆನಪಿನ ಶಕ್ತಿ ನೋಡಿ,” ಎನ್ನುತ್ತಿದ್ದರು.

ಉಳಿದದ್ದು ಒಂದೇ ಹೆಸರು. ಮೇಷ್ಟ್ರ ದನಿ ತಗ್ಗಿತು.

“ಹಸಿರು ಸಿಡಿಲು?”

ಮುಂದಿನ ಬೆಂಚಿನಲ್ಲಿ ಮಗಳು ತಲೆ ಬಗ್ಗಿಸಿ, ಖಾಲಿ ಪುಟದ ಮೇಲೆ ಪೆನ್ಸಿಲನ್ನು ಒತ್ತಿ ಹಿಡಿದು ಕೂತಿದ್ದಳು. ಮೇಷ್ಟ್ರು ಹಾಜರಿ ಪುಸ್ತಕ ಮುಚ್ಚಿ ಅವಳ ಹತ್ತಿರ ಬಂದರು. ಇನ್ನೊಮ್ಮೆ ಕರೆದರು.

ಹುಡುಗಿ ತಲೆ ಎತ್ತಿದಳು. ಕಣ್ಣು ತುಂಬಿತ್ತು. “ಇನ್ಮೇಲೆ ಸುಳ್ಳು ಹೇಳಲ್ವಾ?”

“ಇಲ್ಲ ಪುಟ್ಟೀ.”

“ಯಾವತ್ತೂ?”

ಮೇಷ್ಟ್ರು ಎದೆಯುಬ್ಬಿಸಿ ‘ಯಾವತ್ತೂ’ ಎನ್ನಲು ಹೊರಟವರು, ಅರ್ಧದಲ್ಲಿ ತಡೆದರು. ತಮ್ಮ ಬಾಯಿಯ ಗುಣ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಾಹೇಬರೂ ಹೆಡ್ ಮೇಡಮ್ಮೂ ಕಿಟಕಿಗಳೂ ಕೇಳುತ್ತಿರುವಂತೆ ಹೇಳಿದರು: “ಗೊತ್ತಿಲ್ಲಮ್ಮಾ.”

ಮಗಳು ಮೂಗು ಒರೆಸಿಕೊಂಡು, ಫಕ್ಕನೆ ನಕ್ಕಳು.

“ಹಾಜರ್, ಅಪ್ಪಾ.”